ಅಮೆರಿಕದ ಅಂತರ್ಯುದ್ಧದ ಪದಸೂಚಿ: ಒಂದೇ ಹೆಸರಿನ ಊರುಗಳನ್ನು ಬೇರ್ಪಡಿಸುವುದು ಹೇಗೆ?

ಪುಟಸಂಖ್ಯೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅಂತರ್ಯುದ್ಧವನ್ನು ಕುರಿತ ಒಂದು ಕನ್ನಡ ಅನುವಾದಕ್ಕೆ ಪದಸೂಚಿ ಸಿದ್ಧಪಡಿಸುತ್ತಿದ್ದೇನೆ. ಕೆಲಸ ಮುಗಿಯಿತೆಂದು ನಿಟ್ಟುಸಿರು ಬಿಡುವ ಹೊತ್ತಿಗೆ ಕರಡು ತಿದ್ದುವ ಗೆಳೆಯರಿಂದ ಹಾಳೆಗಳು ಮರಳಿ ಬಂದವು. ‘ಸ್ಪ್ರಿಂಗ್‌ಫೀಲ್ಡ್’ ಎಂಬ ನಮೂದಿನ ಮುಂದೆ ನಾನು ಒಂಬತ್ತು ಪುಟಸಂಖ್ಯೆಗಳನ್ನು ಸಾಲಾಗಿ ಕೊಟ್ಟಿದ್ದೆ. ಅದರ ಪಕ್ಕದ ಅಂಚಿನಲ್ಲಿ ಅವರು ಕೆಂಪು ಶಾಯಿಯಲ್ಲಿ, “ಲಿಂಕನ್ ವಕೀಲಿಕೆ ಮಾಡುತ್ತಿದ್ದ ಊರಿನಲ್ಲಿಯೇ ಸರ್ಕಾರದ ಬಂದೂಕಿನ ಕಾರ್ಖಾನೆಯೂ ಇತ್ತೆ? ಅದೇ ಊರಿನ ಹೊರಗೆ 1861ರ ಆಗಸ್ಟ್‌ನಲ್ಲಿ ಕದನವೂ ನಡೆಯಿತೆ?” ಎಂದು ಕೇಳಿದ್ದರು. ಪುಟಗಳನ್ನು ಮತ್ತೆ ತೆರೆದು ನೋಡಿದಾಗ ನಾನು ಮೂರು ರಾಜ್ಯಗಳ ಮೂರು ಊರುಗಳನ್ನು ಒಂದೇ ಗೂಟಕ್ಕೆ ಕಟ್ಟಿದ್ದೇನೆಂದು ತಿಳಿಯಿತು. ಇನ್ನೊಂದು ಪುಟದಲ್ಲಿ ಸೈನಿಕನೊಬ್ಬ ‘ಹೆಗಲ ಮೇಲಿನ ಸ್ಪ್ರಿಂಗ್‌ಫೀಲ್ಡ್’ ಎಂದದ್ದು ಊರೇ ಅಲ್ಲ, ಆ ಕಾರ್ಖಾನೆಯಲ್ಲಿ ತಯಾರಾದ ಬಂದೂಕು.

ಅದಾದ ಮೇಲೆ ಲೆಕ್ಸಿಂಗ್ಟನ್, ಆರ್ಲಿಂಗ್ಟನ್, ಚಾರ್ಲ್ಸ್‌ಟನ್, ಹೀಗೆ ಯಾವ ಹೆಸರನ್ನು ಮುಟ್ಟಿದರೂ ಅನುಮಾನವೇ ಏಳುತ್ತಿದೆ. ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಎರಡು. ಒಂದೇ ದೇಶದೊಳಗೆ ಇಷ್ಟು ಊರುಗಳು ಒಂದೇ ಹೆಸರನ್ನು ಇಟ್ಟುಕೊಳ್ಳಲು ಕಾರಣವೇನು, ಅದನ್ನು ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲವೆ? ಪ್ರತಿಯೊಂದು ನಮೂದಿಗೂ ರಾಜ್ಯದ ಹೆಸರನ್ನು ಸೇರಿಸಿದರೆ ಸಾಕೆ, ಅಥವಾ ಅಷ್ಟರಿಂದಲೂ ಬಗೆಹರಿಯದ ತೊಡಕುಗಳಿವೆಯೆ?

ನಕಾಶೆ ಬರೆದದ್ದು:

ನಿಮ್ಮ ಗೆಳೆಯರು ಸರಿಯಾದ ಜಾಗದಲ್ಲಿ ಕೆಂಪು ಶಾಯಿ ಬಳಸಿದ್ದಾರೆ. ಲಿಂಕನ್ 1837ರಲ್ಲಿ ಬಂದು ನೆಲೆಸಿದ್ದು, 1861ರ ಫೆಬ್ರವರಿ 11ರಂದು ಅಧ್ಯಕ್ಷ ಪದವಿಗಾಗಿ ರೈಲು ಹತ್ತಿದ್ದು ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. 1794ರಲ್ಲಿ ಸ್ಥಾಪನೆಯಾದ ಶಸ್ತ್ರಾಗಾರ ಇದ್ದದ್ದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. 1861ರ ಆಗಸ್ಟ್ 10ರ ವಿಲ್ಸನ್ಸ್ ಕ್ರೀಕ್ ಕದನ ನಡೆದದ್ದು ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನ ಸಮೀಪದಲ್ಲಿ. ಒಹಾಯೊ ಮತ್ತು ಆರೆಗಾನ್ ರಾಜ್ಯಗಳಲ್ಲಿಯೂ ಇದೇ ಹೆಸರಿನ ನಗರಗಳಿವೆ, ಆದರೆ ನಿಮ್ಮ ಕಥೆಗೆ ಅವು ಬರಲಾರವು.

ಈ ಹೆಸರುಗಳನ್ನು ಕಂಡವರು ಅಮೆರಿಕದವರಿಗೆ ಕಲ್ಪನೆಯ ಬಡತನವಿತ್ತೆಂದು ನಗುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಪೂರ್ವದಿಂದ ಪಶ್ಚಿಮಕ್ಕೆ ಗುಳೆ ಹೊರಟವರು ಬಿಟ್ಟುಬಂದ ಊರಿನ ಹೆಸರನ್ನು ಬುತ್ತಿಯಂತೆ ಕಟ್ಟಿಕೊಂಡು ಹೋದರು, ಆದ್ದರಿಂದ ಹೆಸರಿನ ಜಾಡು ಹಿಡಿದರೆ ಜನ ನಡೆದ ದಾರಿಯೇ ಸಿಗುತ್ತದೆ. ಲೆಕ್ಸಿಂಗ್ಟನ್ನನ್ನೇ ನೋಡಿ. 1775ರ ಏಪ್ರಿಲ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್‌ನಲ್ಲಿ ಬ್ರಿಟಿಷ್ ಸೈನ್ಯದೊಡನೆ ಮೊದಲ ಗುಂಡಿನ ಕಾಳಗ ನಡೆಯಿತು. ಆ ಸುದ್ದಿ ಕೆಂಟಕಿಯ ಕಾಡಿನಲ್ಲಿ ಬಿಡಾರ ಹೂಡಿದ್ದವರನ್ನು ತಲುಪಿದಾಗ ಅವರು ತಮ್ಮ ಬಿಡಾರದ ಜಾಗಕ್ಕೆ ಲೆಕ್ಸಿಂಗ್ಟನ್ ಎಂದು ಹೆಸರಿಟ್ಟರು. ವರ್ಜೀನಿಯದವರೂ ಕೆಲವೇ ವರ್ಷಗಳಲ್ಲಿ ತಮ್ಮದೊಂದು ಊರಿಗೆ ಅದನ್ನೇ ಇಟ್ಟರು. ಮುಂದೆ ಕೆಂಟಕಿಯಿಂದ ಮಿಸೌರಿ ನದಿಯ ದಡಕ್ಕೆ ಹೋದವರು ಅಲ್ಲಿ ಮತ್ತೊಂದು ಲೆಕ್ಸಿಂಗ್ಟನ್ ಕಟ್ಟಿದರು. ಅಂದರೆ ಮಿಸೌರಿಯ ಊರಿಗೆ ಮ್ಯಾಸಚೂಸೆಟ್ಸ್‌ನ ಊರು ಅಜ್ಜಿಯಾಯಿತು. 1861ರ ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಪಡೆಯವರು ನೆನೆಸಿದ ಸೆಣಬಿನ ಹೊರೆಗಳನ್ನು ಮುಂದಕ್ಕೆ ಉರುಳಿಸುತ್ತ, ಅವುಗಳ ಮರೆಯಲ್ಲಿ ಗುಂಡು ಹಾರಿಸುತ್ತ ಕೋಟೆಯತ್ತ ಸರಿದ ಪ್ರಸಂಗ ನಿಮ್ಮ ಪುಸ್ತಕದಲ್ಲಿ ಬಂದಿದ್ದರೆ ಅದು ಈ ಮೊಮ್ಮಗಳ ಊರು. ಮುಂದೆ ದಕ್ಷಿಣದ ಸೇನಾನಿಯಾದ ಸ್ಟೋನ್‌ವಾಲ್ ಜ್ಯಾಕ್ಸನ್ ಯುದ್ಧಕ್ಕೆ ಮೊದಲು ಪಾಠ ಹೇಳುತ್ತಿದ್ದ, ದಕ್ಷಿಣದ ಸೇನಾಪತಿಯಾಗಿದ್ದ ರಾಬರ್ಟ್ ಲೀ ಯುದ್ಧದ ನಂತರ ಕಾಲೇಜಿನ ಮುಖ್ಯಸ್ಥನಾಗಿ 1870ರಲ್ಲಿ ತೀರಿಕೊಂಡ ಲೆಕ್ಸಿಂಗ್ಟನ್ ವರ್ಜೀನಿಯದ್ದು.

ಆರ್ಲಿಂಗ್ಟನ್ ಇದಕ್ಕಿಂತ ವಿಚಿತ್ರವಾದದ್ದು, ಏಕೆಂದರೆ ಒಂದೇ ಮೂಲದಿಂದ ಹೆಸರು ಪಡೆದ ಎರಡು ಊರುಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ. ಮೂಲ ಆರ್ಲಿಂಗ್ಟನ್ ಎಂದರೆ ಲೀ ಕುಟುಂಬ ವಾಸವಾಗಿದ್ದ ಮನೆ ಮತ್ತು ಅದರ ಜಮೀನು. ಉತ್ತರದ ಸರ್ಕಾರ ಅದನ್ನು ವಶಪಡಿಸಿಕೊಂಡು 1864ರಲ್ಲಿ ಸೈನಿಕರ ಸ್ಮಶಾನವನ್ನಾಗಿ ಮಾಡಿತು. ಮ್ಯಾಸಚೂಸೆಟ್ಸ್‌ನ ವೆಸ್ಟ್ ಕೇಂಬ್ರಿಡ್ಜ್ ಎಂಬ ಊರು 1867ರಲ್ಲಿ, ಆ ಮಣ್ಣಿನಲ್ಲಿ ಮಲಗಿದವರ ಗೌರವಾರ್ಥವಾಗಿ, ಆರ್ಲಿಂಗ್ಟನ್ ಎಂದು ಹೆಸರು ಬದಲಿಸಿಕೊಂಡಿತು. ಅದಾದ ಹತ್ತು ವರ್ಷಗಳ ಮೇಲೆ ಟೆಕ್ಸಾಸ್‌ನವರು ಅದೇ ಹೆಸರನ್ನು ಇಟ್ಟರು, ಆದರೆ ಅವರ ಮನಸ್ಸಿನಲ್ಲಿದ್ದದ್ದು ಸ್ಮಶಾನವಲ್ಲ, ಲೀಯ ಮನೆ.

ಚಾರ್ಲ್ಸ್‌ಟನ್‌ನಲ್ಲಿ ಮೂಲವೇ ಬೇರೆ. ದಕ್ಷಿಣ ಕ್ಯಾರೊಲಿನದ ಊರು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ನ ಹೆಸರಿನದು, ಅಲ್ಲಿಯ ಬಂದರಿನ ಸಮ್ಟರ್ ಕೋಟೆಯ ಮೇಲೆ ಯುದ್ಧದ ಮೊದಲ ಗುಂಡು ಹಾರಿತು. ಪಶ್ಚಿಮ ವರ್ಜೀನಿಯದ ರಾಜಧಾನಿಯಾದ ಚಾರ್ಲ್ಸ್‌ಟನ್ನಿಗೆ ಅಲ್ಲಿ ನೆಲೆಸಿದ ಕ್ಲೆಂಡೆನಿನ್ ಎಂಬ ಮನೆತನದ ಹಿರಿಯನ ಹೆಸರು. ಅದೇ ರಾಜ್ಯದಲ್ಲಿ ಚಾರ್ಲ್ಸ್ ಟೌನ್ ಎಂಬ ಇನ್ನೊಂದು ಊರಿದೆ, ಅದು ಜಾರ್ಜ್ ವಾಷಿಂಗ್ಟನ್ನನ ತಮ್ಮನಾದ ಚಾರ್ಲ್ಸ್‌ನದು. ಇಲ್ಲಿ ನೀವು ಬಹಳ ಎಚ್ಚರದಿಂದಿರಬೇಕು. 1859ರ ಡಿಸೆಂಬರ್ 2ರಂದು, ಗುಲಾಮಗಿರಿಯ ವಿರುದ್ಧ ಶಸ್ತ್ರ ಹಿಡಿದಿದ್ದ ಜಾನ್ ಬ್ರೌನ್‌ನನ್ನು ಗಲ್ಲಿಗೇರಿಸಿದ್ದು ಈ ಚಾರ್ಲ್ಸ್ ಟೌನ್‌ನಲ್ಲಿ. ಆಗ ಅದು ವರ್ಜೀನಿಯಕ್ಕೆ ಸೇರಿತ್ತು, ಪಶ್ಚಿಮ ವರ್ಜೀನಿಯ ರಾಜ್ಯ ಹುಟ್ಟಿದ್ದೇ 1863ರಲ್ಲಿ. ಆದ್ದರಿಂದ ರಾಜ್ಯದ ಹೆಸರನ್ನು ಸೇರಿಸಿದರೆ ಸಾಕೆ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ, ಸಾಲದು ಎಂಬುದೇ. ಯಾವ ವರ್ಷದ ರಾಜ್ಯ ಎಂಬುದನ್ನೂ ನೀವು ನಿರ್ಧರಿಸಿಕೊಳ್ಳಬೇಕು.

ಅಂಚೆಮೊಹರು ಬರೆದದ್ದು:

ತಡೆಯುವ ಅಧಿಕಾರವನ್ನು ಕುರಿತು ನಾನು ಹೇಳುತ್ತೇನೆ. ಅಮೆರಿಕದಲ್ಲಿ ಊರನ್ನು ನಗರವೆಂದೋ ಪಟ್ಟಣವೆಂದೋ ಕಾನೂನಿನ ಪ್ರಕಾರ ಸ್ಥಾಪಿಸುವುದು ಆಯಾ ರಾಜ್ಯದ ಕೆಲಸ, ಒಕ್ಕೂಟ ಸರ್ಕಾರದ್ದಲ್ಲ. ಹೀಗಾಗಿ ಇಲಿನಾಯ್‌ನವರು ಹೆಸರಿಡುವಾಗ ಮ್ಯಾಸಚೂಸೆಟ್ಸ್‌ನವರನ್ನು ಕೇಳಬೇಕಾದ ಪ್ರಮೇಯವೇ ಇರಲಿಲ್ಲ. 1890ರಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಭೌಗೋಳಿಕ ಹೆಸರುಗಳ ಮಂಡಳಿಯೊಂದನ್ನು ರಚಿಸಿದನು ನಿಜ, ಆದರೆ ಒಕ್ಕೂಟ ಸರ್ಕಾರದ ನಕ್ಷೆಗಳಲ್ಲಿಯೂ ಕಡತಗಳಲ್ಲಿಯೂ ಒಂದು ಸ್ಥಳದ ಹೆಸರು ಒಂದೇ ರೀತಿ ಇರಲಿ ಎಂಬುದು ಅದರ ಉದ್ದೇಶವಾಗಿತ್ತು, ಎರಡು ಸ್ಥಳಗಳಿಗೆ ಒಂದೇ ಹೆಸರು ಇರಬಾರದು ಎಂಬುದಲ್ಲ. ಈ ಮಂಡಳಿ ಪಿಟ್ಸ್‌ಬರ್ಗ್‌ನ ಇಂಗ್ಲಿಷ್ ಕಾಗುಣಿತದ ಕೊನೆಯ ಒಂದು ಅಕ್ಷರವನ್ನು 1891ರಲ್ಲಿ ಕಿತ್ತುಹಾಕಿ, ಊರಿನವರು ಪಟ್ಟು ಬಿಡದ್ದರಿಂದ 1911ರಲ್ಲಿ ಮರಳಿಸಬೇಕಾಯಿತು. ಊರಿನವರಿಗೆ ಹೆಸರಿನ ಮೇಲಿರುವ ಹಟ ಎಂಥದೆಂಬುದಕ್ಕೆ ಅಷ್ಟು ಸಾಕು.

ನಿಜವಾಗಿ ಲಗಾಮು ಹಾಕಿದ್ದು ಅಂಚೆ ಇಲಾಖೆ. ಒಂದು ರಾಜ್ಯದೊಳಗೆ ಒಂದೇ ಹೆಸರಿನ ಎರಡು ಅಂಚೆ ಕಚೇರಿಗಳು ಇರಕೂಡದೆಂಬ ನಿಯಮದಿಂದಾಗಿ ಎಷ್ಟೋ ಹೊಸ ಊರುಗಳು ಮೊದಲು ಬಯಸಿದ ಹೆಸರನ್ನು ಬಿಟ್ಟು ಬೇರೆಯದನ್ನು ಹುಡುಕಿಕೊಂಡವು. ಆದರೆ ಈ ನಿಯಮ ರಾಜ್ಯದ ಗಡಿಯಲ್ಲಿ ನಿಂತುಬಿಡುತ್ತಿತ್ತು. ಅಂಚೆ ಕಚೇರಿಯಿಲ್ಲದ ಟೌನ್‌ಶಿಪ್ಪುಗಳಿಗೂ, ಅಂದರೆ ಸ್ಥಳೀಯ ಆಡಳಿತದ ಘಟಕಗಳಿಗೂ, ಅದು ಅನ್ವಯಿಸುತ್ತಿರಲಿಲ್ಲ. ಅದರ ಫಲವನ್ನು ನ್ಯೂಜೆರ್ಸಿಯಲ್ಲಿ ಇಂದಿಗೂ ಕಾಣಬಹುದು. ಆ ಪುಟ್ಟ ರಾಜ್ಯದೊಳಗೆ ವಾಷಿಂಗ್ಟನ್ ಟೌನ್‌ಶಿಪ್ ಎಂಬ ಹೆಸರಿನವು ಆರು ಇದ್ದವು. ಮರ್ಸರ್ ಕೌಂಟಿಯದು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) 2008ರಿಂದ ರಾಬಿನ್ಸ್‌ವಿಲ್ ಎಂದು ಹೆಸರು ಬದಲಿಸಿಕೊಂಡ ಮೇಲೆ ಐದು ಉಳಿದಿವೆ. ಅಲ್ಲಿ ರಾಜ್ಯದ ಹೆಸರನ್ನು ಸೇರಿಸಿ ಪ್ರಯೋಜನವಿಲ್ಲ, ಕೌಂಟಿಯನ್ನೇ ಹೇಳಬೇಕು.

ಗೊಂದಲ ತಪ್ಪಿಸಲು ಹೋಗಿ ಹೆಚ್ಚಿನ ಗೊಂದಲ ಮಾಡಿಕೊಂಡ ಒಂದು ಪ್ರಸಂಗವನ್ನು ಹೇಳದಿರಲಾರೆ. 1852ರಲ್ಲಿ ಆರೆಗಾನ್‌ನ ಉತ್ತರ ಭಾಗದವರು ತಮ್ಮದೇ ಪ್ರಾಂತವೊಂದನ್ನು ಕೊಡಬೇಕೆಂದೂ ಅದಕ್ಕೆ ಕೊಲಂಬಿಯ ಎಂದು ಹೆಸರಿಡಬೇಕೆಂದೂ ಕೇಳಿಕೊಂಡರು. ರಾಜಧಾನಿಯಿರುವ ಡಿಸ್ಟ್ರಿಕ್ಟ್ ಆಫ್ ಕೊಲಂಬಿಯದೊಡನೆ ಗೊಂದಲವಾದೀತೆಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಆಕ್ಷೇಪ ಬಂತು. ಮೊದಲ ಅಧ್ಯಕ್ಷನಿಗೆ ಗೌರವವೂ ಆಗಲಿ ಎಂದು ಕಾಂಗ್ರೆಸ್ಸಿನವರು ಆರಿಸಿದ ಬದಲಿ ಹೆಸರು ವಾಷಿಂಗ್ಟನ್! ಅದರ ಪರಿಣಾಮವಾಗಿ ಇಂದಿಗೂ ಯಾವ ವಾಷಿಂಗ್ಟನ್ ಎಂದು ಕೇಳದೆ ಮಾತು ಮುಂದುವರಿಯುವುದಿಲ್ಲ. ನಕಾಶೆಯವರು ಹೇಳಿದ ಆರ್ಲಿಂಗ್ಟನ್ನಿಗೂ ಇಂಥದೇ ಬಾಲವೊಂದಿದೆ. ಆ ಸ್ಮಶಾನವಿರುವ ಕೌಂಟಿಯ ಹೆಸರು ಮೊದಲು ಅಲೆಕ್ಸಾಂಡ್ರಿಯ ಎಂದಿತ್ತು, ಪಕ್ಕದಲ್ಲಿಯೇ ಅಲೆಕ್ಸಾಂಡ್ರಿಯ ನಗರವಿದ್ದುದರಿಂದ 1920ರಲ್ಲಿ ಅದನ್ನು ಆರ್ಲಿಂಗ್ಟನ್ ಕೌಂಟಿ ಎಂದು ಬದಲಿಸಿದರು. ನಿಮ್ಮ ಸೂಚಿಯಲ್ಲಿ ಅಪ್ಪಿತಪ್ಪಿಯೂ 1860ರ ದಶಕಕ್ಕೆ ‘ಆರ್ಲಿಂಗ್ಟನ್ ಕೌಂಟಿ’ ಎಂದು ಬರೆಯಬೇಡಿ.

1963ರಲ್ಲಿ ನಮ್ಮ ಪಿನ್‌ಕೋಡಿನಂಥ ಜಿಪ್ ಕೋಡ್ ಬಂದ ಮೇಲೆ ಕಾಗದಪತ್ರಗಳ ಮಟ್ಟಿಗೆ ಈ ತೊಂದರೆ ಬಹುಪಾಲು ಕಳೆಯಿತು. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ 011ರಿಂದ, ಇಲಿನಾಯ್‌ನದು 627ರಿಂದ, ಮಿಸೌರಿಯದು 658ರಿಂದ ಶುರುವಾಗುತ್ತದೆ. ಲಿಂಕನ್‌ನ ಕಾಲದ ಸೂಚಿಗೆ ಇದರಿಂದ ಯಾವ ಉಪಕಾರವೂ ಇಲ್ಲವೆಂಬುದು ಬೇರೆ ಮಾತು.

ಹಳೆಯಕರಡು ಬರೆದದ್ದು:

ಇಷ್ಟೆಲ್ಲ ಬೇಕೆ ಎಂಬುದು ನನ್ನ ಅನುಮಾನ. ಪುಸ್ತಕದಲ್ಲಿ ಎರಡು ಬಾರಿಗಿಂತ ಕಡಿಮೆ ಬರುವ ಊರುಗಳನ್ನು ಸೂಚಿಯಿಂದ ಬಿಟ್ಟುಬಿಟ್ಟರೆ ಅರ್ಧ ತೊಡಕು ತಾನಾಗಿಯೇ ಬಿಡುತ್ತದೆ. ಓದುಗರು ಸೂಚಿಯಲ್ಲಿ ಹುಡುಕುವುದು ಹೆಚ್ಚಾಗಿ ವ್ಯಕ್ತಿಗಳನ್ನು ಮತ್ತು ಕದನಗಳನ್ನು.

ಉಚ್ಚಾರ ಬರೆದದ್ದು:

ಹಳೆಯಕರಡು ಅವರ ಸಲಹೆಯನ್ನು ನಾನು ಒಪ್ಪಲಾರೆ. ಒಮ್ಮೆ ಮಾತ್ರ ಬರುವ ಊರನ್ನೇ ಓದುಗರು ಸೂಚಿಯಿಲ್ಲದೆ ಮತ್ತೆ ಹುಡುಕಲಾರರು.

ಇಲ್ಲಿಯವರೆಗೆ ಯಾರೂ ಎತ್ತದ ಒಂದು ಮಾತಿದೆ. ರೋಮನ್ ಲಿಪಿಯಲ್ಲಿ ಒಂದೇ ಆಗಿ ಕಾಣುವ ಹೆಸರುಗಳು ಕನ್ನಡಕ್ಕೆ ಬರುವಾಗ ಒಂದೇ ಆಗಿ ಉಳಿಯಬೇಕಾಗಿಲ್ಲ, ಏಕೆಂದರೆ ನಾವು ಬರೆಯುವುದು ಉಚ್ಚಾರವನ್ನು. ಉತ್ತರ ಕ್ಯಾರೊಲಿನದಲ್ಲಿ ಒಂದು, ದಕ್ಷಿಣ ಕ್ಯಾರೊಲಿನದಲ್ಲಿ ಒಂದು, ಹೀಗೆ ಕಡಲ ತೀರದ ಎರಡು ಊರುಗಳಿಗೆ ಇಂಗ್ಲೆಂಡಿನ ಒಬ್ಬನೇ ಡ್ಯೂಕ್‌ನ ಹೆಸರನ್ನು ಇಡಲಾಗಿದೆ, ಕಾಗುಣಿತವೂ ಅಕ್ಷರಶಃ ಒಂದೇ. ಆದರೆ ಉತ್ತರದವರು ತಮ್ಮ ಊರನ್ನು ‘ಬೋಫರ್ಟ್’ ಎನ್ನುತ್ತಾರೆ, ದಕ್ಷಿಣದವರು ‘ಬ್ಯೂಫರ್ಟ್’ ಎನ್ನುತ್ತಾರೆ. ಇವೆರಡೂ ನಿಮ್ಮ ಪುಸ್ತಕದಲ್ಲಿ ಬಂದೇ ಬರುತ್ತವೆ. 1861ರ ನವೆಂಬರ್‌ನಲ್ಲಿ ಪೋರ್ಟ್ ರಾಯಲ್ ಕದನದ ಬೆನ್ನಿಗೆ ಉತ್ತರದ ಪಡೆಯ ವಶವಾದದ್ದು ಬ್ಯೂಫರ್ಟ್, ಮರುವರ್ಷದ ವಸಂತದಲ್ಲಿ ಮೇಕನ್ ಕೋಟೆಯ ಮುತ್ತಿಗೆಯ ಕಾಲಕ್ಕೆ ವಶವಾದದ್ದು ಬೋಫರ್ಟ್. ಅನುವಾದಕರು ಎರಡನ್ನೂ ‘ಬೋಫೋರ್ಟ್’ ಎಂದು ಬರೆದಿದ್ದರೆ, ಮೂಲದಲ್ಲಿ ಇಲ್ಲದ ಒಂದು ಅನುಕೂಲವನ್ನು ಕನ್ನಡ ಲಿಪಿ ತಾನಾಗಿಯೇ ಕೊಡುತ್ತಿದ್ದಾಗ ಅದನ್ನು ಕೈಯಾರೆ ಚೆಲ್ಲಿದಂತೆ.

ಅದೇ ರೀತಿ ಒಹಾಯೊ ನದಿ ಮಿಸಿಸಿಪ್ಪಿಯನ್ನು ಸೇರುವ ಮೂಲೆಯಲ್ಲಿರುವ, 1861ರಲ್ಲಿ ಉತ್ತರದ ಸೇನಾನಿ ಗ್ರಾಂಟ್ ತನ್ನ ಠಾಣ್ಯ ಮಾಡಿಕೊಂಡಿದ್ದ ಇಲಿನಾಯ್‌ನ ಊರಿಗೆ ಈಜಿಪ್ಟಿನ ರಾಜಧಾನಿಯ ಹೆಸರಿದೆಯಾದರೂ ಅಲ್ಲಿಯವರು ಅದನ್ನು ‘ಕೇರೊ’ ಎಂದು ಕರೆಯುತ್ತಾರೆ. ಅದನ್ನು ‘ಕೈರೊ’ ಎಂದು ಬರೆದರೆ ಓದುಗರ ಕಣ್ಣಿಗೆ ಪಿರಮಿಡ್ಡುಗಳು ಬರುತ್ತವೆ. ಟೆಕ್ಸಾಸ್‌ನ ನಗರ ‘ಹ್ಯೂಸ್ಟನ್’ ಆದರೆ ಜಾರ್ಜಿಯದಲ್ಲಿರುವ ಅದೇ ಕಾಗುಣಿತದ ಕೌಂಟಿ ‘ಹೌಸ್ಟನ್’. ಎಲ್ಲ ಕಡೆಯೂ ಈ ಸೌಲಭ್ಯ ಸಿಗುವುದಿಲ್ಲ. ಮಿಸೌರಿಯ ನ್ಯೂ ಮ್ಯಾಡ್ರಿಡ್‌ನಲ್ಲಿ ಸ್ಪೇನಿನ ಉಚ್ಚಾರಕ್ಕಿಂತ ಭಿನ್ನವಾಗಿ ‘ಮ್ಯಾ’ ಎಂಬಲ್ಲಿ ಒತ್ತು ಬೀಳುತ್ತದೆ, ಆ ಒತ್ತನ್ನು ತೋರಿಸಲು ನಮ್ಮಲ್ಲಿ ಗುರುತಿಲ್ಲ.

ಆದರೆ ಇದರಿಂದ ಒಂದು ಹೊಸ ಕೆಲಸವೂ ಹುಟ್ಟುತ್ತದೆ. ಅಕಾರಾದಿಯಲ್ಲಿ ಬೋಫರ್ಟ್ ಮತ್ತು ಬ್ಯೂಫರ್ಟ್ ಬೇರೆ ಬೇರೆ ಜಾಗಕ್ಕೆ ಹೋಗುತ್ತವೆ. ಮೂಲ ಇಂಗ್ಲಿಷನ್ನು ಓದಿ ಬಂದವರು ಒಂದನ್ನು ಕಂಡು ಇನ್ನೊಂದು ಇಲ್ಲವೆಂದುಕೊಳ್ಳದಂತೆ ಎರಡರಲ್ಲಿಯೂ ‘ಇದನ್ನೂ ನೋಡಿ’ ಎಂಬ ಸೂಚನೆಯನ್ನು ಕೊಡಿ.

ಪುಟಸಂಖ್ಯೆ ಬರೆದದ್ದು:

ಮೂವರಿಗೂ ತುಂಬ ಕೃತಜ್ಞನಾಗಿದ್ದೇನೆ. ಹಳೆಯಕರಡು ಅವರ ಕಳಕಳಿಯೂ ಅರ್ಥವಾಗುತ್ತದೆ, ಆದರೆ ಇಷ್ಟು ತಿಳಿದ ಮೇಲೆ ಊರುಗಳನ್ನು ಕೈಬಿಡಲು ಮನಸ್ಸು ಬರುತ್ತಿಲ್ಲ. ನಿನ್ನೆ ರಾತ್ರಿ ಕುಳಿತು ಸ್ಪ್ರಿಂಗ್‌ಫೀಲ್ಡ್‌ನ ನಮೂದನ್ನು ನಾಲ್ಕಾಗಿ ಒಡೆದೆ: ‘ಸ್ಪ್ರಿಂಗ್‌ಫೀಲ್ಡ್, ಇಲಿನಾಯ್’, ‘ಸ್ಪ್ರಿಂಗ್‌ಫೀಲ್ಡ್, ಮ್ಯಾಸಚೂಸೆಟ್ಸ್’, ‘ಸ್ಪ್ರಿಂಗ್‌ಫೀಲ್ಡ್, ಮಿಸೌರಿ’, ‘ಸ್ಪ್ರಿಂಗ್‌ಫೀಲ್ಡ್ ಬಂದೂಕು’. ಕೊನೆಯದಕ್ಕೆ ಮ್ಯಾಸಚೂಸೆಟ್ಸ್‌ನ ನಮೂದಿನ ಉಲ್ಲೇಖ ಕೊಟ್ಟಿದ್ದೇನೆ. ಜಾನ್ ಬ್ರೌನ್‌ನ ಊರನ್ನು ‘ಚಾರ್ಲ್ಸ್ ಟೌನ್, ವರ್ಜೀನಿಯ (1863ರಿಂದ ಪಶ್ಚಿಮ ವರ್ಜೀನಿಯ)’ ಎಂದು ಬರೆದೆ. ಅನುವಾದದಲ್ಲಿ ಅದು ಚಾರ್ಲ್ಸ್‌ಟನ್ ಎಂದೇ ಅಚ್ಚಾಗುವುದರಲ್ಲಿತ್ತು. ಎರಡೂ ಬ್ಯೂಫರ್ಟ್‌ಗಳು, ಕ್ಷಮಿಸಿ, ಒಂದು ಬ್ಯೂಫರ್ಟ್ ಮತ್ತು ಒಂದು ಬೋಫರ್ಟ್, ಪಠ್ಯದಲ್ಲಿಯೂ ಬದಲಾಗಬೇಕಾಗಿರುವುದರಿಂದ ಅನುವಾದಕರಿಗೆ ಬರೆದಿದ್ದೇನೆ.

ಒಂದು ಮಾತ್ರ ಉಳಿದಿದೆ. 1864ರ ಅಕ್ಟೋಬರ್‌ನ ವೆಸ್ಟ್‌ಪೋರ್ಟ್ ಕದನ ಈಗಿನ ಕ್ಯಾನ್ಸಸ್ ಸಿಟಿಯಲ್ಲಿ ನಡೆಯಿತೆಂದು ಪುಸ್ತಕ ಹೇಳುತ್ತದೆ. ಕ್ಯಾನ್ಸಸ್ ಸಿಟಿ ಮಿಸೌರಿಯಲ್ಲೊಂದು, ಕ್ಯಾನ್ಸಸ್‌ನಲ್ಲೊಂದು ಇವೆಯಲ್ಲವೆ? ಯಾವುದನ್ನು ಹಾಕಲಿ?

ನಕಾಶೆ ಬರೆದದ್ದು:

ಮಿಸೌರಿಯದನ್ನು ಹಾಕಿ. ಎರಡು ನಗರಗಳೂ ಒಂದಕ್ಕೊಂದು ಅಂಟಿಕೊಂಡಿವೆ, ದಕ್ಷಿಣಕ್ಕೆ ಹೋದರೆ ಸ್ಟೇಟ್ ಲೈನ್ ರೋಡ್ ಎಂಬ ರಸ್ತೆಯ ಒಂದು ಬದಿ ಮಿಸೌರಿ, ಎದುರು ಬದಿ ಕ್ಯಾನ್ಸಸ್. ಹೆಸರನ್ನು ನೋಡಿದರೆ ಕ್ಯಾನ್ಸಸ್‌ನಲ್ಲಿರುವುದೇ ಮೂಲವೆನ್ನಿಸುತ್ತದೆ, ಆದರೆ ವಾಸ್ತವ ತಿರುಗಾಮುರುಗಾ ಆಗಿದೆ. ಮಿಸೌರಿಯ ಊರು ಕ್ಯಾನ್ಸಸ್ ಎಂಬ ಹೆಸರನ್ನು ಅಲ್ಲಿ ಸೇರುವ ನದಿಯಿಂದ ಪಡೆದು 1850ರಲ್ಲಿಯೇ ಪಟ್ಟಣವಾಯಿತು, ಕ್ಯಾನ್ಸಸ್ ಪ್ರಾಂತ ರಚನೆಯಾದದ್ದು 1854ರಲ್ಲಿ. ಗಡಿಯಾಚೆಯ ಕ್ಯಾನ್ಸಸ್ ಸಿಟಿ ಕಾನೂನಿನ ಪ್ರಕಾರ ನಗರವಾದದ್ದು 1872ರಲ್ಲಿ, ಅಂದರೆ ನಿಮ್ಮ ಯುದ್ಧ ಮುಗಿದು ಏಳು ವರ್ಷಗಳ ನಂತರ. 1864ರಲ್ಲಿ ಮಿಸೌರಿಯ ಊರಿನ ಅಧಿಕೃತ ಹೆಸರು ‘ಸಿಟಿ ಆಫ್ ಕ್ಯಾನ್ಸಸ್’ ಎಂದಿತ್ತು, ‘ಕ್ಯಾನ್ಸಸ್ ಸಿಟಿ’ ಎಂದಾದದ್ದು 1889ರಲ್ಲಿ. ಆದ್ದರಿಂದ ಪ್ರಧಾನ ನಮೂದನ್ನು ‘ವೆಸ್ಟ್‌ಪೋರ್ಟ್, ಮಿಸೌರಿ’ ಎಂದೇ ಇಟ್ಟು, ‘ಕ್ಯಾನ್ಸಸ್ ಸಿಟಿ, ಮಿಸೌರಿ’ ಎಂಬಲ್ಲಿಂದ ಅದಕ್ಕೆ ದಾರಿ ತೋರಿಸಿದರೆ ಸಾಕು.