ಅನ್ನನಾಳದ ತೊಂದರೆ: ಡಾಕ್ಟರ್‌ಗೆ ಕೇಳಿ

ಗದಗ: ನಮಸ್ಕಾರ ಡಾಕ್ಟ್ರೇ. ತಮ್ಮನಿಗೆ 34 ವರ್ಷ. ಏಳೆಂಟು ತಿಂಗಳಿಂದ ರೊಟ್ಟಿ ಎದೆಯಲ್ಲೇ ನಿಲ್ಲುತ್ತದೆ, ನೀರೂ ಅಷ್ಟೇ. ಎದ್ದು ನಿಂತು ಎದೆ ಸೆಟೆಸಿ ನುಂಗುತ್ತಾನೆ. ಬೆಳಗ್ಗೆ ದಿಂಬಿನ ಮೇಲೆ ರಾತ್ರಿ ಉಂಡ ಅನ್ನದ ಅಗುಳು. ಗ್ಯಾಸ್ ಗುಳಿಗೆಗೆ ಬಗ್ಗಿಲ್ಲ. ಖಾರ ಜಾಸ್ತಿ ಆಯ್ತಾ?

ಡಾಕ್ಟರ್: ಅಕ್ಕಾರೇ, ಖಾರದಿಂದ ಅಲ್ಲ. ರೊಟ್ಟಿ, ನೀರು ಎರಡೂ ನಿಲ್ಲುತ್ತವೆ, ಉಂಡದ್ದು ಅರಗದೆ ಹಾಗೇ ವಾಪಸ್ ಬರುತ್ತದೆ ಅಂದರೆ ಅಕಲೇಸಿಯಾ ಅನುಮಾನ. ವರ್ಷಕ್ಕೆ ಲಕ್ಷದಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ. ಅನ್ನನಾಳದ ಗೋಡೆಯ ನರಕೋಶಗಳು ಸಾಯುತ್ತವೆ. ಕೆಳತುದಿಯ ಸ್ನಾಯು ಸಡಿಲಾಗಲ್ಲ, ನಾಳ ಊಟವನ್ನು ತಳ್ಳಲ್ಲ. ಯಾಕೆ ಸಾಯುತ್ತವೆ ಅನ್ನೋದು ಇನ್ನೂ ಪಕ್ಕಾ ಆಗಿಲ್ಲ. ವೈರಸ್ ಬಂದುಹೋದ ಮೇಲೆ ದೇಹದ ರಕ್ಷಣಾ ಶಕ್ತಿ ತನ್ನ ನರಗಳ ಮೇಲೇ ತಿರುಗಿ ಬೀಳುತ್ತದೆ ಅನ್ನೋದು ಬಲವಾದ ಸಂಶಯ. ಕೆಲವರ ಜೀನ್‌ಗಳೂ ಅದಕ್ಕೆ ಸೇರುತ್ತವೆ. ದಕ್ಷಿಣ ಅಮೆರಿಕದಲ್ಲಿ ಶಾಗಸ್ ಎಂಬ ಪರಾವಲಂಬಿ ರೋಗದಿಂದಲೂ ಹೀಗಾಗುತ್ತದೆ.
ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡೋದು), ಬೇರಿಯಂ ಎಕ್ಸ್‌ರೇ (ಬಿಳಿ ದ್ರವ ಕುಡಿಸಿ ತೆಗೆಯೋದು), ಮ್ಯಾನೊಮೆಟ್ರಿ (ಅನ್ನನಾಳದ ಒತ್ತಡ ಅಳೆಯೋದು) ಮಾಡಿಸಿ. ಎಂಡೋಸ್ಕೋಪಿ ನಾರ್ಮಲ್ ಬಂತು ಅಂತ ಸುಮ್ಮನಾಗಬೇಡಿ. ತಲೆ ಕಡೆ ಎತ್ತರ ಮಾಡಿ ಮಲಗಿಸಿ. ರಾತ್ರಿ ಕೆಮ್ಮು ಇದೆಯಾ?

ನವಲಗುಂದ: ಮಿರ್ಚಿ ಭಜಿ ತಿಂದರೆ ಎದೆ ಉರಿ. ಇದೇನಾ?

ಡಾಕ್ಟರ್: ಅಲ್ಲ. ಅದು ಆಸಿಡ್.

ಹಾವೇರಿ: ಫಾರ್ವರ್ಡ್ ಬಂದಿದೆ. ಬಿಸಿ ತುಪ್ಪಕ್ಕೆ ಅಳಲೆಕಾಯಿ ಪುಡಿ ಹಾಕಿ ಕುಡಿದರೆ ಗಂಟಲು ತೆರೆಯುತ್ತೆ.

ಡಾಕ್ಟರ್: ದಯವಿಟ್ಟು ಅಳಿಸಿ. ನೀರೇ ನಿಲ್ಲುವವರಿಗೆ ತುಪ್ಪ ಕುಡಿಸಿದರೆ ಮಲಗಿದಾಗ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಹಾವೇರಿ: ನಮ್ಮ ಅಜ್ಜಿಗೆ ಗುಣ ಆಗಿದೆ.

ಧಾರವಾಡ: ಅಜ್ಜಿಗೆ ಏನಾಗಿತ್ತು ಅಂತ ಟೆಸ್ಟ್ ಮಾಡಿಸಿದ್ರಾ?

ಹಾವೇರಿ: ಟೆಸ್ಟ್ ಅಂದ್ರೆ ದುಡ್ಡು ಕೀಳೋದು ಅಷ್ಟೇ ಅಲ್ವಾ.

ಧಾರವಾಡ: ನಂಗೆ ಇದೇ ಕಾಯಿಲೆ. ಪೋಯಮ್ ಅಂತ ಬಾಯಿ ಮೂಲಕ ಮಾಡೋ ಆಪರೇಷನ್ ಮಾಡಿಸಿಕೊಂಡ ಮೇಲೆ ರೊಟ್ಟಿ ತಿಂತಿದೀನಿ. ಗೊತ್ತಿಲ್ಲದಿದ್ರೆ ಬಾಯಿ ಮುಚ್ಚಿಕೊಂಡು ಇರಿ.

ಅಣ್ಣಿಗೇರಿ: ಅದಕ್ಕೆ ಖರ್ಚು ಎಷ್ಟಾಯ್ತು ಅಣ್ಣಾ?

ಹಾವೇರಿ: ಹಿರಿಯರ ಜೊತೆ ಮಾತಾಡೋದು ಕಲೀರಿ ಮೊದಲು.

ಕುಂದಗೋಳ: ಡಾಕ್ಟ್ರೇ, ಹುಳಿತೇಗು ಬರುತ್ತೆ, ಇದೇನಾ?

ಡಾಕ್ಟರ್: ಮೇಲೆ ಓದಿ.

ಲಕ್ಷ್ಮೇಶ್ವರ: ಅಪ್ಪನಿಗೆ 66. ಎರಡು ತಿಂಗಳಿಂದ ಮೊದಲು ರೊಟ್ಟಿ, ಈಗ ಗಂಜಿಯೂ ಇಳೀತಿಲ್ಲ. ಅಂಗಿ ಜೋತು ಬಿದ್ದಿದೆ. ಜಾತ್ರೆ ಮುಗಿಸಿ ತೋರಿಸ್ತೀವಿ.

ಡಾಕ್ಟರ್: ಜಾತ್ರೆವರೆಗೂ ಕಾಯಬೇಡಿ. ಈ ವಯಸ್ಸು, ಇಷ್ಟು ಬೇಗ ಸೊರಗಿದ್ದು ನೋಡಿದರೆ ಕ್ಯಾನ್ಸರ್ ಗಡ್ಡೆ ಇಲ್ಲ ಅಂತ ಮೊದಲು ಖಾತ್ರಿ ಆಗಬೇಕು. ಹೊಟ್ಟೆಯ ಬಾಯಿ ಹತ್ತಿರದ ಗಡ್ಡೆ ಅಕಲೇಸಿಯಾ ಥರವೇ ಕಾಣಿಸುತ್ತದೆ. ಈ ವಾರವೇ ಎಂಡೋಸ್ಕೋಪಿ.

ಗದಗ: ಕೆಮ್ಮು ಇದೆ ಡಾಕ್ಟ್ರೇ. ವಾಸಿ ಆಗುತ್ತಾ?

ಡಾಕ್ಟರ್: ಸತ್ತ ನರ ಮತ್ತೆ ಬರಲ್ಲ. ಆದರೆ ಬಿಗಿ ಬಿಡಿಸಬಹುದು. ಬಲೂನಿನಿಂದ ಹಿಗ್ಗಿಸುತ್ತಾರೆ, ಹೆಲ್ಲರ್ ಆಪರೇಷನ್‌ನಲ್ಲಿ ಸ್ನಾಯು ಕತ್ತರಿಸುತ್ತಾರೆ. ಅದನ್ನೇ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಮಾಡಿದರೆ ಪೋಯಮ್. 2008ರಲ್ಲಿ ಜಪಾನ್‌ನಲ್ಲಿ ಶುರುವಾಯಿತು. ಕೆಮ್ಮು ಇರೋದರಿಂದ ನಾಳೆಯೇ ಎದೆ ಎಕ್ಸ್‌ರೇ ತೆಗೆಸಿ.

ಹಾವೇರಿ: ತುಪ್ಪ ಬೇಡ ಅಂದ್ರೆ ಜೇನು?

ಡಾಕ್ಟರ್: ಬೇಡ. ಇನ್ನು ಇದಕ್ಕೆ ಉತ್ತರ ಕೊಡಲ್ಲ. ಲಕ್ಷ್ಮೇಶ್ವರದವರು ಯಾವ ದಿನ ಹೋಗ್ತೀರಿ, ಬರೀರಿ.