ಸಹಾಯ ಬೇಕು: ಕೆಂಪು ಕೋಟಿನ ಮೇಲೆ ಬಿಳಿ ಪಟ್ಟಿ ಬೇಗ ಹಚ್ಚುವುದು ಹೇಗೆ?

ಗೆಳೆಯರೇ, 1815ರ ವಾಟರ್ಲೂ ಕದನದ ಬ್ರಿಟಿಷ್ ಕಾಲಾಳುಗಳಿಗೆ ಬಣ್ಣ ಹಚ್ಚುತ್ತಿದ್ದೇನೆ. ಮೇಜಿನ ಮೇಲೆ ಆಡುವ ಯುದ್ಧದ ಆಟಕ್ಕೆ ಬೇಕಾದ 28 ಮಿ.ಮೀ. ಪ್ಲಾಸ್ಟಿಕ್ ಗೊಂಬೆಗಳು, ಇಡೀ ಬೆಟಾಲಿಯನ್. ಮೊದಲು ಕಪ್ಪು ಪ್ರೈಮರ್ (ಅಡಿಬಣ್ಣ), ಅದರ ಮೇಲೆ ನೆತ್ತಿಯ ಕಡೆಯಿಂದ ಬಿಳಿ ಸ್ಪ್ರೇ. ಆಮೇಲೆ ಕೋಟಿಗೆ ಕೆಂಪು, ಪ್ಯಾಂಟಿಗೆ ಬೂದು ಕಾಂಟ್ರಾಸ್ಟ್ ಪೇಂಟ್, ಒಂದೇ ಸಲ. ಬಣ್ಣ ಮಡಿಕೆಗಳಿಗೆ ತಾನೇ ಇಳಿದು ನೆರಳು ಮೂಡುತ್ತದೆ. ಇಲ್ಲೀತನಕ ಕೆಲಸ ಸರಾಗ.

ತೊಡಕು ಇರುವುದು ಎದೆಯ ಮೇಲಿನ ಬಿಳಿ ಪಟ್ಟಿಗಳಲ್ಲಿ. ಬಿಳಿ ಹಚ್ಚಿದರೆ ಅಡಿಯ ಕೆಂಪು ಇಣುಕಿ ಗುಲಾಬಿ ಕಾಣುತ್ತದೆ. ಮತ್ತೆ ಮತ್ತೆ ಹಚ್ಚುತ್ತಾ ಕೂತರೆ ಸಮಯ ಜಾಸ್ತಿ ಹೋಗುತ್ತೆ ಅಲ್ವಾ? ಮೊದಲು ತಿಳಿ ಬೂದು ಹಚ್ಚಿ, ಅಂಚು ಬಿಟ್ಟು ಬಿಳಿ ಎಳೆದರೆ ಸಾಕಾ? ಇಲ್ಲಾ ಪಟ್ಟಿ ಮೊದಲು, ಕೋಟು ಆಮೇಲಾ? ಮುಖ, ಗುಂಡಿ ಹೇಗಿದ್ದರೂ ನಡೆಯುತ್ತದೆ. ಆಟದ ಮೇಜಿನ ಮೇಲೆ ಆ ಪಟ್ಟಿಗಳು ಮಾತ್ರ ಎದ್ದು ಕಾಣಲೇಬೇಕು. ಮಾಡಿ ನೋಡಿದವರು ದಯವಿಟ್ಟು ಹೇಳಿ, ಫೋಟೋ ಇದ್ದರೆ ಹಾಕಿ.