‘ಅರ್ಸ್ಟ್‌ವೈಲ್’ (erstwhile) ಎಂಬ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಏನು ಬರೆಯುತ್ತೀರಿ?

ಪ್ರಶ್ನೆ (ಗದಗ): ನಮ್ಮೂರಿನ ಸಹಕಾರಿ ಸಂಘದ ಹಳೆಯ ಇಂಗ್ಲಿಷ್ ವರದಿಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅವುಗಳಲ್ಲಿ ‘ಅರ್ಸ್ಟ್‌ವೈಲ್ ಧಾರವಾಡ ಜಿಲ್ಲೆ’ ಎಂದು ಬಂದಲ್ಲೆಲ್ಲ ‘ಪ್ರಾಚೀನ’ ಎಂದು ಬರೆದಿದ್ದೆ. ಸಂಘದ ಹಿರಿಯರೊಬ್ಬರು ಅದು ತಪ್ಪು ಎಂದರು. ಅನುಭವವುಳ್ಳವರು ದಯವಿಟ್ಟು ತಿಳಿಸಿರಿ.

ಧಾರವಾಡದಿಂದ: ಹಿರಿಯರು ಹೇಳಿದ್ದು ಸರಿ. ನಾನು ಬಹಳ ವರ್ಷ ಖರೀದಿ ಪತ್ರ, ಉತಾರ (ಜಮೀನಿನ ದಾಖಲೆ), ಠರಾವು (ಸಭೆಯ ನಿರ್ಣಯ) ಇವುಗಳ ಅನುವಾದ ಮಾಡಿದವನು. ಈ ಪದವು ವಸ್ತುವಿನ ವಯಸ್ಸನ್ನು ಹೇಳುವುದಿಲ್ಲ. ಹಿಂದೆ ಹಾಗಿತ್ತು, ಈಗ ಹಾಗಿಲ್ಲ ಎಂಬುದನ್ನು ಹೇಳುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯ ಪ್ರಾಚೀನವಾದದ್ದು, ಆದರೆ ಅದು ಇಂದಿಗೂ ದೇವಾಲಯವೇ ಆಗಿರುವುದರಿಂದ ಅದಕ್ಕೆ ಈ ಪದ ಹೊಂದುವುದಿಲ್ಲ. ನಿಮ್ಮ ವಾಕ್ಯದಲ್ಲಿ ‘ಹಿಂದಿನ’ ಎಂದರೂ ಸಾಲದು, ಏಕೆಂದರೆ ಧಾರವಾಡ ಜಿಲ್ಲೆ ಈಗಲೂ ಇದೆ. ಇಲ್ಲದಿರುವುದು 1997ರಲ್ಲಿ ಗದಗ ಮತ್ತು ಹಾವೇರಿ ಬೇರೆಯಾಗುವ ಮುಂಚೆ ಇದ್ದ ಆ ದೊಡ್ಡ ಜಿಲ್ಲೆ. ಅದಕ್ಕಾಗಿಯೇ ನಮ್ಮ ಭಾಗದಲ್ಲಿ ‘ಅವಿಭಜಿತ ಧಾರವಾಡ ಜಿಲ್ಲೆ’ ಎನ್ನುವ ರೂಢಿ ಬೆಳೆದಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅದು ಮೂಲ ಇಂಗ್ಲಿಷಿಗಿಂತಲೂ ಸ್ಪಷ್ಟವಾದ ಮಾತು. ಬ್ಯಾಡಗಿಯ ಜಮೀನಿನ ಹಳೆಯ ಪತ್ರದಲ್ಲಿ ಜಿಲ್ಲೆ ಧಾರವಾಡ ಎಂದಿದ್ದರೆ ಅದನ್ನು ತಿದ್ದದೆ ಹಾಗೆಯೇ ಉಳಿಸಿ, ಈಗಿನ ಜಿಲ್ಲೆ ಹಾವೇರಿ ಎಂದು ಪಕ್ಕದಲ್ಲಿ ಸೂಚಿಸುತ್ತೇನೆ.

ಹಾವೇರಿಯಿಂದ: ಎಲ್ಲ ಕಡೆಗೂ ‘ಅವಿಭಜಿತ’ ನಡೆಯದು. ಸವಣೂರು ನವಾಬರ ಸಂಸ್ಥಾನ ಒಡೆದು ಎರಡಾದದ್ದಲ್ಲ, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು. ಅಲ್ಲಿ ‘ಹಿಂದಿನ ಸವಣೂರು ಸಂಸ್ಥಾನ’ ಎಂದರೆ ಸಾಕು. ವ್ಯಕ್ತಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದು ಸ್ಮರಣ ಸಂಚಿಕೆಗಾಗಿ ಅನುವಾದಿಸುವಾಗ, ಪದಾಧಿಕಾರಿಯೊಬ್ಬರ ಹೆಸರಿಗೆ ಮೊದಲು ಇದ್ದ ಈ ಪದವನ್ನು ನಾನು ‘ದಿವಂಗತ’ ಎಂದು ತಿಳಿದು ಹಾಗೆಯೇ ಅಚ್ಚು ಮಾಡಿಸಿದೆ. ಅವರು ಆರೋಗ್ಯವಾಗಿದ್ದರು. ಅವರ ಮಗಳು ಫೋನ್ ಮಾಡಿದಾಗ ನನಗೆ ಆದ ಸಂಕಟ ಇಂದಿಗೂ ಮರೆತಿಲ್ಲ. ಹಂಚಿದ ಪ್ರತಿಗಳನ್ನು ಮನೆಮನೆಯಿಂದ ಮರಳಿ ತಂದೆ. ದಿವಂಗತರಿಗೆ ಇಂಗ್ಲಿಷಿನಲ್ಲಿ ‘ಲೇಟ್’ ಎಂಬ ಪದವೇ ಬೇರೆ ಇದೆ. ಅಧಿಕಾರದಿಂದ ಇಳಿದವರಿಗೆ ‘ಮಾಜಿ’ ಎನ್ನಿರಿ.

ಹುಬ್ಬಳ್ಳಿಯಿಂದ: ‘ಅರ್ಸ್ಟ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ‘ಮೊದಲು’, ‘ವೈಲ್’ ಎಂದರೆ ಕಾಲ. ಇದನ್ನು ಸಾಮಾನ್ಯವಾಗಿ ನಾಮಪದಕ್ಕೆ ಮೊದಲೇ ಬಳಸುತ್ತಾರೆ. ವರದಿಯಲ್ಲಿ ‘ಅರ್ಸ್ಟ್‌ವೈಲ್ ಮುಂಬಯಿ ರಾಜ್ಯ’ ಎಂದಿದ್ದರೆ, ನಮ್ಮ ಭಾಗ 1956ರ ನವೆಂಬರ್ 1ರವರೆಗೆ ಆ ರಾಜ್ಯದಲ್ಲಿತ್ತು ಎಂಬುದನ್ನು ಇಸವಿಯೊಂದಿಗೇ ಬರೆಯಿರಿ, ಓದುವ ಮಕ್ಕಳಿಗೆ ಗೊಂದಲವಾಗುವುದಿಲ್ಲ.